ಊರಿಗೊಂದೇ ಗಡೋಲಿನಿಯಂ

ಗಡ್ಡೆಗಳನ್ನು ಬೆಳಗಿಸಿ ತೋರಿಸುವ ಗಡೋಲಿನಿಯಂ ಲೋಹ ಭೂಮಿಯಲ್ಲಿ ತೀರಿದ ಮೇಲೆ ಎಂಆರ್‌ಐಗೆ ಊರಿಗೊಂದೇ ಡೋಸ್ ಉಳಿದಿತ್ತು. ಒಬ್ಬರ ಮೂತ್ರದಿಂದ ಸೋಸಿ ತೆಗೆದು ಇನ್ನೊಬ್ಬರಿಗೆ ಚುಚ್ಚುತ್ತಿದ್ದರು. ಹಿಂದಿನ ಸಲ ಅದನ್ನು ಚುಚ್ಚಿಸಿಕೊಂಡವರು ಬಂದು ಮುಂದಿನವರ ಕೈ ಹಿಡಿದು ಕೂರುವುದು ರೂಢಿ. ತಂಗೆವ್ವನ ಕೈ ಹಿಡಿಯಲು ಬಂದವಳು, ಗೋಡೆಯ ಜಗಳದಲ್ಲಿ ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಪಕ್ಕದ ಮನೆಯ ಪಾರವ್ವ.

“ಈಕೀ ಉಚ್ಚಿಯೊಳಗಿಂದು ನನ್ನ ಮೈಯಾಗ? ಸತ್ತರೂ ಒಲ್ಲೆ!” ಎಂದು ತಂಗೆವ್ವ ಮಂಚದಿಂದ ಇಳಿದೇಬಿಟ್ಟಳು.

“ಯವ್ವಾ, ಅದು ವಿಷದ ಲೋಹ,” ಎಂದಳು ನರ್ಸ್ ರಜಿಯಾ. “ಮದ್ದಿನೊಳಗಿನ ಒಂದು ಅಣು ಅದನ್ನ ಎಂಟು ಕೈಲೆ ಅವಚಿ ಹಿಡದೈತಿ. ಇನ್ನೂರು ಮಂದಿ ಮೈ ಸುತ್ತಿ ಬಂದರೂ ಕೈ ಬಿಟ್ಟಿಲ್ಲ.”

ಪಾರವ್ವ ಮುಖ ಬೇರೆ ಕಡೆ ತಿರುಗಿಸಿಯೇ ಕೈ ಚಾಚಿದಳು. “ನನಗ ಎರಡಾ ಅದಾವು. ಹಿಡಕೋ.”

ತಂಗೆವ್ವ ಹಿಡಿದುಕೊಂಡಳು.

ಅರ್ಧ ಗಂಟೆಯ ನಂತರ ಪರದೆ ನೋಡಿದ ರಜಿಯಾ ಕುಣಿದಾಡಿದಳು. ಹೋದ ವರ್ಷ, ಚಿಕಿತ್ಸೆಗೆ ಮೊದಲು, ತಂಗೆವ್ವನ ತಲೆಯೊಳಗೆ ದೀಪದಂತೆ ಉರಿದಿದ್ದ ಗಡ್ಡೆಯ ಜಾಗವೀಗ ಕತ್ತಲು. “ಗಡ್ಡಿ ಹೋಗೈತಿ!”

ಪಾರವ್ವ ಕಣ್ಣೊರೆಸಿಕೊಂಡು ಚೊಂಬು ನೀಡಿದಳು. “ಲಗೂ ನೀರು ಕುಡಿ. ಮುಂದಿನ ಪಾಳಿ ನನ್ನ ಗಂಡಂದು.”

ತಂಗೆವ್ವ ಗಟಗಟನೆ ಚೊಂಬು ಬರಿದು ಮಾಡಿದಳು. “ಮೊದಲಾ ಹೇಳಬಾರದೇನ ನಮ್ಮವ್ವಾ! ಚೊಂಬು ಸಾಲೂದಿಲ್ಲ, ಕೊಡಾನ ತಾ!”