ಒಂದು ತಾಸು ಐದು ನಿಮಿಷ

ವಿಮಾನ ಹಾರಿಹೋದ ಮೇಲೆ ಸಾಮಾನಿನ ಪೆಟ್ಟಿಗೆ ತೆರೆದ ಮೆಕ್ಯಾನಿಕ್ ದಾವಲಸಾಬ ಮತ್ತೆ ಮತ್ತೆ ಎಣಿಸಿದ. ಹನ್ನೆರಡು ಸ್ಪ್ಯಾನರುಗಳಲ್ಲಿ ಒಂದು ಇರಲಿಲ್ಲ. ಎಂಜಿನ್ನಿನೊಳಗೇ ಬಿಟ್ಟುಬಂದೆನೇ? ಹೇಳಿದರೆ ವಿಮಾನ ವಾಪಸ್ ಬರುತ್ತದೆ, ತನ್ನ ನೌಕರಿ ಹೋಗುತ್ತದೆ. ಹೇಳದಿದ್ದರೆ ಅದರಲ್ಲಿ ಎಪ್ಪತ್ತು ಜನ.

ಮೇಲಧಿಕಾರಿ ದೇಸಾಯಿಯವರು ಎದುರಿನ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದರು.

“ಸರ್, ಬೆಂಗಳೂರು ಎಷ್ಟೊತ್ತಿಗೆ ಮುಟ್ತದರೀ?”

“ದಿನಾ ನೋಡ್ತಿ. ಮುನ್ನೂರ ಅರವತ್ತು ಕಿಲೋಮೀಟರ್, ಒಂದು ತಾಸು ಐದು ನಿಮಿಷ. ಯಾಕ, ಏನರ ಹೇಳೋದದ ಏನು?”

“ಏನಿಲ್ರಿ.”

ಅವನು ಗಡಿಯಾರ ನೋಡುತ್ತ ಕೂತ. ಫೋನು ರಿಂಗಾದಾಗಲೆಲ್ಲ ದೇಸಾಯಿಯವರ ಮುಖ ನೋಡಿದ. ಹೇಳಿಬಿಡೋಣವೆಂದು ಎರಡು ಸಲ ಎದ್ದ. ಮತ್ತೆ ಕೂತ.

ಕೊನೆಗೆ ದೇಸಾಯಿಯವರು ಫೋನಿಟ್ಟು, “ಬೆಂಗಳೂರಾಗ ಇಳೀತಂತ” ಎಂದರು. ದಾವಲಸಾಬ ಎರಡೂ ಕೈಯಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ನಡೆದ.

“ನಿಲ್ಲು.” ದೇಸಾಯಿಯವರು ತಮ್ಮ ಮೇಜಿನ ಖಾನೆ ಎಳೆದು ಸ್ಪ್ಯಾನರ್ ತೆಗೆದಿಟ್ಟರು. “ವಿಮಾನ ಹೊರಡೋಕಿಂತ ಮೊದಲೇ ಇದು ನನಗ ರೆಕ್ಕೆ ಕೆಳಗ ಸಿಕ್ಕಿತ್ತು. ನೀ ಬಂದು ಹೇಳ್ತಿ ಅಂತ ಇಷ್ಟೊತ್ತೂ ದಾರಿ ನೋಡ್ಲಿಕತ್ತಿದ್ದೆ.”