ಡ್ರಾಯರಿನ ಮೇಲಿನ ಚೀಟಿ

“ಐದು, ಹದಿನೇಳು, ಬಿ, ಅಡ್ಡಗೆರೆ, ನಲವತ್ತು, ಮತ್ತೆ ಅಡ್ಡಗೆರೆ...” ಹೊಲಿಗೆ ಮಿಷನ್ ರಿಪೇರಿಯವರು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಎದುರಿನ ಸ್ಟೂಲಿನ ಮೇಲೆ ಕುಳಿತ ಗುಂಡಿ ಅಕ್ಕ ಒಂದೊಂದನ್ನೂ ತನ್ನ ಫೋನಿನಲ್ಲಿ ಒತ್ತುತ್ತಿದ್ದಳು. ಮೂವತ್ತು ವರ್ಷದಿಂದ ಬೀದಿಯವರ ಅಂಗಿಗಳಿಗೆಲ್ಲ ಗುಂಡಿ ಹಚ್ಚಿಕೊಡುತ್ತ ಬಂದವಳಿಗೆ ಆ ಹೆಸರೇ ನಿಂತುಹೋಗಿತ್ತು. ಎರಡು ಸಲ ತಪ್ಪಿತು. ಮೂರನೆಯ ಸಲವೂ ತಪ್ಪಿದಾಗ ಅವಳು ಫೋನನ್ನು ಮಡಿಲಿಗೆ ಹಾಕಿಕೊಂಡಳು.

“ಅಣ್ಣ, ಇದೇನು ಅಂಗಡಿ ವಿಳಾಸವೋ, ಖಜಾನೆ ಬೀಗದ ನಂಬರೋ?”

ಕಂಪ್ಯೂಟರಿನ ಮುಂದಿದ್ದ ಮಗಳು ನಗು ತಡೆದುಕೊಂಡಳು. “ನಾನೂ ಅದೇ ಹೇಳ್ತಿದ್ದೆ ಅಪ್ಪ. ವೆಬ್‌ಸೈಟಲ್ಲಿ ಒಂದೊಂದು ಪುಟಕ್ಕೂ ಒಂದೊಂದು ವಿಳಾಸ. ಓದಿದ ತಕ್ಷಣ ಒಳಗೇನಿದೆ ಅಂತ ಗೊತ್ತಾಗ್ಬೇಕು. ಬಾಯಲ್ಲಿ ಹೇಳಿದ್ರೆ ಆ ಕಡೆಯವರು ಒಂದೇ ಸಲಕ್ಕೆ ಬರ್ಕೊಳ್ಳೋ ಹಾಗಿರ್ಬೇಕು. ನೀನು ನೋಡಿದ್ರೆ ಎಲ್ಲಕ್ಕೂ ಬಿಡಿಭಾಗದ ನಂಬರ್ ಕೊಟ್ಟಿದೀಯ.”

“ನಂಬರ್ ಯಾವತ್ತೂ ತಪ್ಪೋದಿಲ್ಲ. ಹೆಸರು ಬಾಯಿಗೊಂದು” ಎಂದರು ಅವರು.

ಮುಖ್ಯರಸ್ತೆಯ ಕಟ್ಟಡ ಕೆಡವಿದ ಮೇಲೆ ಅಂಗಡಿ ಮನೆಯ ಮುಂದಿನ ಕೋಣೆಗೆ ಬಂದಿತ್ತು. ಹಿಂದಿನ ಬೀದಿಯ ಈ ಮನೆ ಯಾರ ಕಣ್ಣಿಗೂ ಬೀಳದು. ಜನ ಹುಡುಕಿಕೊಂಡು ಬರಲು ಉಳಿದ ದಾರಿ ವೆಬ್‌ಸೈಟ್ ಒಂದೇ. ಅದೂ ಕೈಕೊಟ್ಟರೆ ಹತ್ಯಾರುಗಳಿಗೆ ಎಣ್ಣೆ ಸವರಿ ಪೆಟ್ಟಿಗೆಯಲ್ಲಿ ಇಟ್ಟುಬಿಡುವುದೆಂದು ಅವರು ನಿಶ್ಚಯಿಸಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ದೇವರಿಗೆ ಮಾತ್ರ ತಿಳಿಸಿದ್ದರು.

“ನನ್ನ ಮಿಷನ್ ಕೆಟ್ಟಾಗ ಅದರೊಳಗಿನ ನಂಬರ್ ನಂಗೇನು ಗೊತ್ತಿರುತ್ತೆ?” ಗುಂಡಿ ಅಕ್ಕ ಬಿಡಲಿಲ್ಲ. “ದಾರ ಕಿತ್ತುಹೋಗುತ್ತೆ. ಅಷ್ಟೇ ಗೊತ್ತು. ಅತ್ತಿಗೆ ಇದ್ದಾಗ ಬಾಗಿಲಲ್ಲೇ ನಿಂತು ಅಷ್ಟು ಹೇಳಿದ್ರೆ ಸಾಕಿತ್ತು. ಸರಕ್ಕನೆ ಡ್ರಾಯರ್ ಎಳೆದು ಸಾಮಾನು ಕೈಗಿಡೋರು. ಈ ಡ್ರಾಯರ್ ಮೇಲೆಲ್ಲ ಅವರ ಅಕ್ಷರ ಇತ್ತಲ್ಲ, ಎಲ್ಲಿ ಹೋಯ್ತು?”

ಗೋಡೆಯುದ್ದಕ್ಕೂ ಇಪ್ಪತ್ತನಾಲ್ಕು ಡ್ರಾಯರುಗಳು. ಒಂದನ್ನು ಬಿಟ್ಟು ಎಲ್ಲದರ ಮೇಲೂ ನಂಬರಿನ ಬಿಳಿ ಚೀಟಿ. ಹೆಂಡತಿ ತೀರಿಕೊಂಡ ಮರುವಾರವೇ ಅವರು ಅವನ್ನು ಅಂಟಿಸಿದ್ದರು. ವ್ಯವಸ್ಥೆಗೆಂದು ಹೇಳಿದ್ದರು. ಆ ಅಕ್ಷರ ನೋಡುತ್ತ ಕೆಲಸ ಮಾಡುವುದು ತಮ್ಮಿಂದಾಗದು ಎಂಬುದನ್ನು ಹೇಳಿರಲಿಲ್ಲ.

ಅವಳಿದ್ದಾಗ ಇದೇ ವಿಷಯಕ್ಕೆ ಎಷ್ಟು ಸಲ ಜಗಳವಾಗಿತ್ತು! “ಸಾಮಾನಿನ ಹೆಸರು ಬರಿಯೋದು ಬಿಟ್ಟು ಕಾಯಿಲೆ ಹೆಸರು ಬರೆದಿದೀಯಲ್ಲೇ!” ಎಂದು ಅವರು ರೇಗುತ್ತಿದ್ದರು. ಅವಳು ತಲೆಯೆತ್ತದೆ ಉತ್ತರ ಕೊಡುತ್ತಿದ್ದಳು: “ಬರೋರು ಕಾಯಿಲೆ ಹೊತ್ಕೊಂಡು ಬರ್ತಾರೆ. ಸಾಮಾನಿನ ಹೆಸರು ನಿಮಗೊಬ್ಬರಿಗೆ ಗೊತ್ತಿದ್ರೆ ಸಾಕು.”

ಅವರು ಗೋಡೆಯ ಬಳಿ ಹೋಗಿ ಮೊದಲನೆಯ ಡ್ರಾಯರಿನ ಚೀಟಿಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದರು. ತನ್ನ ಬರಹದ ಮೇಲೆ ಅವಳು ಪಾರದರ್ಶಕ ಟೇಪು ಹಚ್ಚಿದ್ದಳು. ಬಿಳಿ ಚೀಟಿ ಹರಿಯದೆ ಸುಲಿದು ಬಂತು. ಕೆಳಗೆ ನೀಲಿ ಶಾಯಿ, ಸ್ವಲ್ಪ ಎಡಕ್ಕೆ ವಾಲಿದ ಅಕ್ಷರ. ಆ ಟೇಪಿಗಾಗಿ ಅವರು ಮನಸ್ಸಿನಲ್ಲೇ ದೇವರಿಗೆ ಕೈಮುಗಿದರು.

“ಬರ್ಕೋ” ಎಂದರು ಮಗಳಿಗೆ. “ದಾರ ಕಿತ್ತುಹೋಗುತ್ತೆ.”

ಮುಂದಿನದು: “ಸೂಜಿ ಮುರಿಯುತ್ತೆ.” ಅದರ ಮುಂದಿನದು: “ಬಟ್ಟೆ ಮುಂದೆ ಹೋಗಲ್ಲ.” ನಾಲ್ಕನೆಯದನ್ನು ಓದುವಾಗ ಅವರಿಗೇ ನಗು ಬಂತು: “ಗಡಗಡ ಅಂತ ಮನೆಯೆಲ್ಲ ಅಲ್ಲಾಡುತ್ತೆ.”

“ಅದು ನನ್ನ ಮಾತು! ನನ್ನ ಮಿಷನ್ನೇ ಅದು!” ಗುಂಡಿ ಅಕ್ಕ ಎದೆ ಮುಟ್ಟಿಕೊಂಡಳು.

“ಅದು ಸ್ವಲ್ಪ ಉದ್ದವಾಯ್ತು. ಗಡಗಡ ಸದ್ದು ಅಂತ ಹಾಕ್ತೀನಿ, ಅಮ್ಮ ಬೈಯಲ್ಲ” ಎನ್ನುತ್ತ ಮಗಳು ಬರೆದುಕೊಂಡಳು. ಆಮೇಲೆ ಕಂಪ್ಯೂಟರಿನಲ್ಲಿ ಮೊದಲ ಪುಟದ ವಿಳಾಸ ಬದಲಿಸಿ ಗುಂಡಿ ಅಕ್ಕನ ಕಡೆ ತಿರುಗಿದಳು. “ಈಗ ಒತ್ತಿ ನೋಡಿ. ಅಂಗಡಿ ಹೆಸರು, ಒಂದು ಓರೆಗೆರೆ, ಆಮೇಲೆ ದಾರ ಕಿತ್ತುಹೋಗುತ್ತೆ. ಪದಗಳ ಮಧ್ಯೆ ಒಂದೊಂದು ಸಣ್ಣ ಗೆರೆ, ಅಷ್ಟೇ.”

ಒಂದೇ ಸಲಕ್ಕೆ ಪುಟ ತೆರೆಯಿತು. ಗುಂಡಿ ಅಕ್ಕ ಫೋನನ್ನು ದೂರ ಹಿಡಿದು ನೋಡಿದಳು. “ಬಂತಣ್ಣ! ಅತ್ತಿಗೆನೇ ಬಾಗಿಲು ತೆಗೆದ ಹಾಗಾಯ್ತು.”

ಇಪ್ಪತ್ತಮೂರು ಚೀಟಿಗಳು ನೆಲದ ಮೇಲೆ ಬಿದ್ದವು. ಕೆಳಗಿನ ಸಾಲಿನ ಕೊನೆಯ ಡ್ರಾಯರಿನ ಮೇಲೆ ಮಾತ್ರ ನಂಬರಿರಲಿಲ್ಲ. ಅಲ್ಲಾಡಿಸಿದಾಗ ಸದ್ದು ಬಾರದ್ದರಿಂದ ‘ಖಾಲಿ’ ಎಂದು ಅವರೇ ಬರೆದು ಅಂಟಿಸಿದ್ದರು. ಅದನ್ನೂ ಸುಲಿದರು.

“ಏನಾಗಿದೆಯೋ ಗೊತ್ತಿಲ್ಲ” ಎಂದು ಓದಿದರು.

“ಇದಕ್ಕೂ ಒಂದು ಪುಟ ಬೇಕೇ ಬೇಕಪ್ಪ. ಹೆಚ್ಚು ಜನ ಇಲ್ಲಿಗೇ ಬರ್ತಾರೆ. ಒಳಗೆ ಅಮ್ಮ ಏನಿಟ್ಟಿದಾಳೆ ನೋಡು, ಅದನ್ನೇ ಹಾಕೋಣ.”

ಡ್ರಾಯರಿನಲ್ಲಿ ಸಾಮಾನೇನೂ ಇರಲಿಲ್ಲ. ತಳಕ್ಕೆ ಒಂದು ಕಾಗದ ಅಂಟಿಸಿತ್ತು. ಅದರ ಮೇಲೆ ಅದೇ ನೀಲಿ ಶಾಯಿ: ‘ಮೊದಲು ಕೂರಿಸಬೇಕು. ನೀರು ಕೊಡಬೇಕು. ಆಮೇಲೆ ಕೇಳಬೇಕು.’

ಅವರು ಡ್ರಾಯರನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಗುಂಡಿ ಅಕ್ಕ ಎದ್ದು ಸ್ಟೂಲನ್ನು ಅವರತ್ತ ಸರಿಸಿದಳು. ಅವರು ಕುಳಿತರು. ಮಗಳು ಒಳಗಿನಿಂದ ಒಂದು ಲೋಟ ನೀರು ತಂದು ಕೈಗಿಟ್ಟಳು.

“ಈಗ ಹೇಳಪ್ಪ.”

“ಹತ್ಯಾರು ಎಲ್ಲ ಎತ್ತಿಟ್ಟುಬಿಡೋಣ ಅಂತಿದ್ದೆ” ಎಂದರು ಅವರು. ನೀರನ್ನು ತಳ ಕಾಣುವವರೆಗೆ ಕುಡಿದರು. ಆಮೇಲೆ ಕೋಣೆಯಲ್ಲಿದ್ದ ಒಂದೇ ಒಂದು ಸ್ಟೂಲನ್ನು ಕೂತಲ್ಲಿಂದಲೇ ಬಗ್ಗಿ ನೋಡಿದರು.

“ಇನ್ನೆರಡು ಸ್ಟೂಲು ಬೇಕಾಗುತ್ತೆ ಕಣಮ್ಮ.”