ಮೊದಲು ಇಟ್ಟ ಹೆಸರು

ಆಫ್ರಿಕಾದಲ್ಲಿ ಸಸ್ಯಶಾಸ್ತ್ರದ ಪಾಠ ಹೇಳುತ್ತಿದ್ದಾಗ ಮೇಷ್ಟ್ರು ದಾಸವಾಳದ ಬಳಗದ ಒಂದು ಹೊಸ ಗಿಡ ಕಂಡು, ಅದಕ್ಕೆ ಹೆಂಡತಿ ಭಾರ್ಗವಿಯ ಹೆಸರಿಟ್ಟಿದ್ದರು. ಆಕೆ ತೀರಿಕೊಂಡರು. ಊರಿಗೆ ಮರಳಿ ಮತ್ತೆ ಮದುವೆಯಾದ ಮೇಷ್ಟ್ರು, ಅಲ್ಲಿಂದ ತಂದ ಒಣಗಿಡಗಳಲ್ಲೇ ಇನ್ನೊಂದನ್ನು ಹೊಸದೆಂದು ಗುರುತಿಸಿ, ಅದಕ್ಕೆ ಎರಡನೆಯ ಹೆಂಡತಿ ವನಮಾಲಾಳ ಹೆಸರಿಟ್ಟರು.

ಈಗ ಮೇಷ್ಟ್ರೂ ಇಲ್ಲ. ಅವರ ಶಿಷ್ಯೆಯೊಬ್ಬಳು ಮನೆಗೆ ಬಂದು, ಕೊಟ್ಟ ಕಾಫಿ ಮುಟ್ಟದೆ ವನಮಾಲಾ ಅವರ ಎದುರು ಕೂತಿದ್ದಳು. ಗೋಡೆಯ ಮೇಲೆ ವನಮಾಲಾ ಅವರ ಹೆಸರಿನ ಗಿಡದ, ಕಟ್ಟು ಹಾಕಿಸಿದ ಚಿತ್ರವಿತ್ತು.

“ಅದೇನು ಹೇಳ್ಬಿಡಮ್ಮಾ. ಕಾಫಿನೂ ಆರಿಹೋಯ್ತು.”

“ಎರಡೂ ಒಂದೇ ಗಿಡ ಅಮ್ಮಾ. ಎಲೆ ಸ್ವಲ್ಪ ಬೇರೆ ಥರ ಕಂಡಿದ್ದಕ್ಕೆ ಸರ್ ಎರಡು ಅಂದ್ಕೊಂಡಿದ್ರು. ಬೇರೆ ಬೇರೆ ಅಂತ ತೋರಿಸೋಕೆ ಮತ್ತೆ ಮತ್ತೆ ಪರೀಕ್ಷೆ ಮಾಡಿ ಸೋತೆ.”

“ಒಂದೇ ಆದ್ರೆ ಏನೀಗ?”

“ಒಂದು ಗಿಡಕ್ಕೆ ಒಂದೇ ಹೆಸರಿರ್ಬೇಕು. ಮೊದಲು ಇಟ್ಟಿದ್ದೇ ಉಳಿಯುತ್ತೆ, ನಮ್ಮಲ್ಲಿ ಅದೇ ನಿಯಮ.” ಅವಳು ತಲೆ ತಗ್ಗಿಸಿದಳು. “ನಿಮ್ಮ ಹೆಸರು ಹೋಗುತ್ತೆ. ಸರ್ ಅಷ್ಟು ಪ್ರೀತಿಯಿಂದ ಇಟ್ಟಿದ್ದು. ನೀವು ಬೇಡ ಅಂದ್ರೆ ನಾನಿದನ್ನ ಪ್ರಕಟಿಸಲ್ಲ.”

ವನಮಾಲಾ ಲೋಟಗಳನ್ನು ಎತ್ತಿಕೊಂಡು ಹೋಗಿ, ಆರಿದ ಕಾಫಿಯನ್ನು ಬಚ್ಚಲಿಗೆ ಸುರಿದು ಬಂದರು. ಚಿತ್ರದ ಕಡೆ ನೋಡಲಿಲ್ಲ.

“ಪ್ರಕಟಿಸಮ್ಮಾ. ಮನೇಲೂ ಅವ್ರು ಕೊನೇವರೆಗೆ ನನ್ನ ಭಾರ್ಗವೀ ಅಂತ್ಲೇ ಕೂಗ್ತಿದ್ದಿದ್ದು.”